ತೋಟಾ ಲೆಕ್ಕ

ಮೂರ್ನಾಡಿನಲ್ಲಿ ಯಾರೇ ಸಿಕ್ಕರೂ ಮೊದಲು ಕೇಳುವುದು,
ತೋಟ ಎಷ್ಟಿದೆ?
ನಮಗೆ ತೋಟವಿಲ್ಲ.
ಅಪ್ಪನ ಬಳಿ ಇದ್ದದ್ದು ತೋಟಾ. ಒಂದು ದೀರ್ಘ ಹೆಚ್ಚು.
ಕಪಾಟಿನ ಮೇಲೆ, ಹಳೆಯ ಬಿಸ್ಕತ್ತಿನ ಡಬ್ಬದಲ್ಲಿ, ಹನ್ನೊಂದು.

ಸೇನೆಯ ಸಿಗ್ನಲ್ಸಿನಲ್ಲಿ ಹದಿನೈದು ವರ್ಷ, ಆಮೇಲೆ ಪೊಲೀಸು.
ಶನಿವಾರಸಂತೆ, ಸಿದ್ದಾಪುರ, ಕುಟ್ಟ, ಮತ್ತೆ ಸಿದ್ದಾಪುರ.
ಮೊಣ್ಣಪ್ಪ ಎಂದರೆ ತಿಳಿಯದವರಿಗೆ
ಬಲಗಡೆಯಿಂದಲೇ ಮಾತಾಡಿಸಬೇಕಲ್ಲ, ಆ ಎಎಸ್‌ಐ
ಎಂದರೆ ತಿಳಿಯುತ್ತಿತ್ತು.

ಎಡಗಿವಿಯನ್ನು ಗಡಿಯಲ್ಲಿ ಬಿಟ್ಟು ಬಂದಿದ್ದ.
ಯಾವ ಗಡಿ, ಯಾವ ರಾತ್ರಿ, ಹೇಳಲಿಲ್ಲ.
ಒಮ್ಮೆ ಮಾತ್ರ, ಹಲಸು ಕೊಯ್ಯುತ್ತ,
'ತಂತಿ ಎಳೀತಿದ್ವಿ, ನಾನೂ ಇನ್ನೊಬ್ಬನೂ' ಅಂದ.
ಇನ್ನೊಬ್ಬನ ಹೆಸರು ಕೇಳಿದೆ.
ಕತ್ತಿಗೆ ಮತ್ತೊಮ್ಮೆ ಎಣ್ಣೆ ಹಚ್ಚಿಕೊಂಡ.

ಊಟಕ್ಕೆ ನಾವೆಲ್ಲ ಅವನ ಬಲಕ್ಕೆ.
ಎಡಕ್ಕೆ ಅವ್ವ ಒಬ್ಬಳೇ, ಬೇಕೆಂದೇ.
ಬೈಯುವುದಿದ್ದರೆ ಆ ಕಿವಿಗೇ ಬೈಯುತ್ತಿದ್ದಳು.
ಅಪ್ಪ ತಲೆಯಾಡಿಸುತ್ತಿದ್ದ, ಎಲ್ಲ ಒಪ್ಪಿಕೊಂಡವನ ಹಾಗೆ.

ಠಾಣೆಯ ದಿನಚರಿ ಮುಗಿಸಿ ಬಂದು, ಬೂಟು ಬಿಚ್ಚಿ,
ಮನೆಯದನ್ನೂ ಬರೆಯುತ್ತಿದ್ದ,
ನೀಲಿ ರಟ್ಟಿನ ಪುಸ್ತಕದಲ್ಲಿ, ಅದೇ ಪೊಲೀಸು ಕನ್ನಡದಲ್ಲಿ:

'ಸಂಜೆ 6.40. ಸದರಿ ಕಿರಿಮಗ ಮರದಿಂದ ಬಿದ್ದಿರುತ್ತಾನೆ.
ಗಾಯ ಸಾದಾ ಸ್ವರೂಪದ್ದು. ಮರ: ಸೀಬೆ.'

'ರಾತ್ರಿ 9. ಹೆಂಡತಿಯೊಂದಿಗೆ ಮಾತಿನ ಚಕಮಕಿ.
ತಪ್ಪೊಪ್ಪಿಗೆ ನೀಡಿರುತ್ತೇನೆ.'

'ರಾತ್ರಿ 1ರಿಂದ 5. ಮಗಳಿಗೆ ಜ್ವರ. ಮಂಚದ ಸುತ್ತ ಗಸ್ತು.
ವಿಶೇಷವೇನೂ ಇಲ್ಲ.'

ಆ 'ವಿಶೇಷವೇನೂ ಇಲ್ಲ' ಎಷ್ಟು ಪುಟಗಳಲ್ಲಿದೆ!
ಓದಿ ನಕ್ಕಿದ್ದೆ, ಹತ್ತನೇ ಕ್ಲಾಸಿನಲ್ಲಿ.
ಈಗ ನನಗೂ ಇಬ್ಬರು ಮಕ್ಕಳು.
ದಿನವಿಡೀ ಅವನು ಕಾದದ್ದು
ಆ ಎರಡು ಪದ ಬರೆಯುವ ಹೊತ್ತಿಗೆ.

ನಾನು ಹುಟ್ಟಿದ ಪುಟದ ಅಂಚನ್ನು ಗೆದ್ದಲು ತಿಂದಿದೆ.
ನಮ್ಮಲ್ಲಿ ಗಂಡು ಹುಟ್ಟಿದರೆ ಆಕಾಶಕ್ಕೆ ಒಂದು ಗುಂಡು.
'ತೋಟಾ ಖರ್ಚು: ಒಂದು. ಕಾರಣ: ಹೆಣ್ಣು ಮಗು.
ತಾಯಿಯವರಿಂದ ಆಕ್ಷೇಪಣೆ. ತಳ್ಳಿಹಾಕಲಾಗಿದೆ.'

ಕೈಲ್ ಪೊಳ್ದಿನ ದಿನ ಕೋವಿ ನನ್ನ ಕೈಗೆ ಕೊಟ್ಟು
ಹಿಂದೆ ನಿಲ್ಲುತ್ತಿದ್ದ, ಬೆನ್ನಿಗೆ ಅಂಗೈ ಇಟ್ಟು.
'ಮಗಳು ಗುರಿ ತಪ್ಪಿರುತ್ತಾಳೆ. ತೆಂಗಿನಕಾಯಿ ಪರಾರಿ.'
ತಪ್ಪಿದ್ದಕ್ಕೆ ಬೈಗುಳವಿಲ್ಲ. ಖಾಲಿ ತೋಟಾ ಮಾತ್ರ
ಹುಲ್ಲಲ್ಲಿ ಹುಡುಕಿ, ಎಣಿಸಿ, ತಂದೊಪ್ಪಿಸಬೇಕು.
'ಸದ್ದು ಯಾರು ಬೇಕಾದರೂ ಮಾಡ್ತಾರೆ, ಲೆಕ್ಕ ಕೊಡಬೇಕು.'

ಹೋದದ್ದು ಮಾರ್ಚಿನ ಒಂದು ಬೆಳಗಿನ ಜಾವ.
ಪಕ್ಕದವರ ತೋಟದಲ್ಲಿ ಸ್ಪ್ರಿಂಕ್ಲರು
ಟಕಟಕ ತಿರುಗುತ್ತಲೇ ಇತ್ತು,
ನಿಲ್ಲಿಸಿ ಎನ್ನಲು ಯಾರಿಗೂ ತೋಚಲಿಲ್ಲ.
ಬಿಳಿ ಕುಪ್ಯ ತೊಡಿಸಿ ಮಲಗಿಸಿದೆವು.
ಅವ್ವ ಬಂದು ಎಡಕ್ಕೇ ಕೂತಳು.
ಕಿವಿಗೆ ಬಾಯಿ ಹಚ್ಚಿ ಬಹಳ ಹೊತ್ತು ಏನೋ ಹೇಳಿದಳು.
ಬಲಕ್ಕಿದ್ದ ನಮಗೆ ಕೇಳಿಸಲಿಲ್ಲ.

ಅಪ್ಪ ಎರಡು ಸಲ ಹಿಡಿದು ಒಳಗೆ ಹಾಕಿದ್ದ
ಗಂಧದ ಕಳ್ಳನೊಬ್ಬ ಬಂದು ಸೆಲ್ಯೂಟ್ ಹೊಡೆದ,
ಎಡಗೈಯಲ್ಲಿ. ಯಾರೂ ತಿದ್ದಲಿಲ್ಲ.

ಸಾವಿಗೆ ಎರಡು ಗುಂಡು.
ತಮ್ಮನ ಕೈ ನಡುಗಿತು. ಕೋವಿ ನಾನು ತೆಗೆದುಕೊಂಡೆ.
ಒಬ್ಬಿಬ್ಬರು ಹಿರಿಯರು ಕೆಮ್ಮಿದರು.
ಬೆನ್ನ ಮೇಲೆ, ಅಂಗೈಯಗಲದ ಜಾಗ, ತಣ್ಣಗಿತ್ತು.
ಹೊಡೆದೆ. ಮತ್ತೆ ತುಂಬಿದೆ. ಹೊಡೆದೆ.
ಕೆಳಗೆ ಬೇಕರಿಯ ಮೊಯ್ದು ಕಾಕ ಷಟರು ಇಳಿಸಿದ್ದು ಕೇಳಿಸಿತು.

ಎಲ್ಲರೂ ಮಲಗಿದ ಮೇಲೆ ನೀಲಿ ಪುಸ್ತಕ ತೆರೆದೆ.
'ತೋಟಾ ಖರ್ಚು: ಎರಡು. ಉಳಿಕೆ: ಒಂಬತ್ತು. ಕಾರಣ:'
ಪೆನ್ನು ಅಲ್ಲೇ ನಿಂತಿತು.
ಖಾಲಿ ತೋಟಾ ಸಿಕ್ಕಿದ್ದು ಒಂದೇ.
ಟಾರ್ಚು ಹಿಡಿದು ಅಂಗಳ, ಹುಲ್ಲು, ಪಕ್ಕದ ತೋಟದ ಬೇಲಿ.
ಒದ್ದೆ ಎಲೆ ಸರಿಸಿ ಸರಿಸಿ ನೋಡಿದೆ.
ಬಿಡಕ್ಕ, ನಾಳೆ ನೋಡೋಣ, ಅಂದ ತಮ್ಮ.

ಬಂದು ಬರೆದೆ:
'ಒಂದು ಪತ್ತೆಯಾಗಿರುವುದಿಲ್ಲ.
ಹುಡುಕಾಟ ಜಾರಿಯಲ್ಲಿದೆ.'